ಚಿಲಕ

ಫಾರಂ ಇನ್ನೂ ಗಿರಣಿಯ ಗಲ್ಲೇದಾಗ ಅದ,
ಹಾರಬಾರದಂತ ಮ್ಯಾಲೆ ಎರಡು ಕಿಲೋದ ಕಲ್ಲು.
ತಾಯಿಭಾಷೆ ಅನ್ನೂ ಗೆರಿಯ ಮ್ಯಾಲೆ
ಜ್ವಾಳದ ಹಿಟ್ಟು ಕುಂತದ.
ಊದಿದ್ರ ಹೋಗ್ತದ, ಮತ್ತ ಕುಂಡರ್ತದ.

ಇವರು ದಿನಾ ರಾತ್ರಿ ಕೇಳ್ತಾರ: ಯಾವ ಸಾಲಿ?
ತಡೀರಿ, ನೋಡಿ ಬರ್ತೀನಿ, ಅಂತೀನಿ.

ಭಾಗ್ಯವಂತಿಗೆ ಆರು ತುಂಬಿದ್ವು.
ಬೀಸಾಕ ಬಂದ ಡಬ್ಬಿ ಎಣಿಸ್ತಾಳ,
ಹತ್ತರ ತನಕ ಕನ್ನಡ,
ಮುಂದ ಗಿರಾಕಿಯ ಬಾಯಿಂದ ಕದ್ದ ಮರಾಠಿ,
ಕಡೀಕ ಒಂದು ಟ್ವೆಂಟಿ. ಮುಗೀತು ಲೆಕ್ಕ.

ನಾ ನಾಕನೇತ್ತ ತನಕ ಕನ್ನಡ ಕಲ್ತಾಕಿ.
ಐದನೇತ್ತಕ್ಕ ಅಕ್ಕಲಕೋಟಿ, ಮರಾಠಿ ಸಾಲಿ.
ಅಲ್ಲಿ ಇಪ್ಪತ್ತೇಳರಾಗ ಏಳು ಮೊದಲು ಬರ್ತದ, ಸತ್ತಾವೀಸ.
ಕಿವಿಗೆ ಬಿದ್ದಾಂಗ ಬರದ್ನಿ, ಎಪ್ಪತ್ತೆರಡಾತು.
ಅದಿರ್ಲಿ, ಅದು ವರ್ಷದಾಗ ಸರಿಹೋತು.
ಸರಿಹೋಗದ್ದು ಮೊದಲನೇ ದಿನ:
ಎರಡನೇ ತಾಸಿಗೆ ಒಂದಕ್ಕ ಬಂತು,
ಕೇಳೂದು ಹ್ಯಾಂಗ, ತಿಳೀವಲ್ದು.
ಅಲ್ಲಿ ಟೀಚರಿಗೆ ಬಾಯಿ ಅಂತಾರ.
ಬಾಯಿ ಕೇಳಿದ್ರು, "ಕಾಯ ಗ?"
ನನ್ನ ಬಾಯಿ ತೆರೀಲಿಲ್ಲ.
ಬಾಕಿನ ಕೆಳಗ ಹರದು
ಮುಂದಿನ ಹುಡುಗಿಯ ಪಾಟಿಚೀಲಕ್ಕ ಮುಟ್ಟಿತು.
ಆಕಿ ಈಗ ನಮ್ಮ ಗಿರಣಿಗೇ ಬರ್ತಾಳ, ಖಾರ ಕುಟ್ಟಿಸಾಕ.
ಇಬ್ಬರೂ ಆ ಮಾತು ತೆಗ್ಯೂದಿಲ್ಲ.

ಅದಕ್ಕ ಮೂರೂ ಸಾಲಿಯಾಗ ಕೇಳಿದ್ದು ಒಂದೇ:
ನನ್ನ ಮಗಳಿಗೆ ಒಂದಕ್ಕ ಬಂದ್ರ
ಯಾವ ಭಾಷಾದಾಗ ಕೇಳಬೇಕ್ರಿ?

ಹಳದಿ ಬಸ್ಸಿನ ಸಾಲಿಯ ಮೇಡಂ ನಕ್ಕರು.
"ದೀಪಾವಳಿ ಒಳಗ ಎಲ್ಲಾರಿಗೂ ಮೇ ಐ ಗೋ ಬರ್ತದ,
ಬ್ಯಾರೆ ಭಾಷಾಕ್ಕ ಹತ್ತು ರೂಪಾಯಿ ದಂಡ."
ಪಾಯಖಾನಿ ತೋರಿಸಿದ್ರು. ಬಿಳೀ ಟೈಲ್ಸು, ಎತ್ತರದ ಕನ್ನಡಿ,
ಅದರಾಗ ಹಿಟ್ಟು ಬಡದ ನನ್ನ ಮಾರಿ.
ದೀಪಾವಳಿ ತನಕ ಏನು ಮಾಡ್ತಾವ ಅಂತ
ಕೇಳಾಕ ಬಾಯಿ ಬರಲಿಲ್ಲ, ಮತ್ತ.

ಮರಾಠಿ ಸಾಲಿಯ ಬಾಯಿ ಸಣ್ಣ ವಯಸ್ಸಿನಾಕಿ.
ಕಿರುಬೆರಳು ಎತ್ತಿ ತೋರಿಸಿದಳು:
"ಇಷ್ಟು ಮಾಡಿದ್ರ ಸಾಕು, ನನಗ ತಿಳೀತದ."
ಮೂವತ್ತು ವರ್ಷ ತಡಾ ಆತು ಆ ಬೆರಳು.
ಅಲ್ಲೇ ಸಹಿ ಮಾಡಬೇಕಂದ್ನಿ, ಪೆನ್ನು ಬರೀಲಿಲ್ಲ,
ಹಿಟ್ಟು ಹೊಕ್ಕಿತ್ತು.

ಅದೇ ಕಂಪೌಂಡು, ಬೇವಿನ ಗಿಡದ ಆಚೆ ಕನ್ನಡದ್ದು.
ಹೂಗಾರ ಮಾಸ್ತರು ಅಂದ್ರು,
"ಕೇಳೂದ್ಯಾಕ ತಂಗಿ, ಓಡಿ ಹೋಗೂದು."
ಆಮ್ಯಾಲೆ ದನಿ ಇಳಿಸಿದ್ರು:
"ಆದ್ರ ಬಾಗಲಿಲ್ಲ. ಗಾಳಿಗೆ ಕಿತ್ತು ಹೋತು.
ಅರ್ಜಿ ಕೊಟ್ಟು ಎರಡು ವರ್ಷ.
ಹೆಣ್ಮಕ್ಕಳು ಮನಿಗೆ ಓಡತಾವ,
ಕೆಲವು ಹೊಳ್ಳಿ ಬರೂದಿಲ್ಲ."
ಹಾಜರಿಯಾಗ ಹತ್ತೊಂಬತ್ತು ಹೆಸರು.
"ಇಪ್ಪತ್ತಾದ್ರ..." ಅಂತ ಶುರುಮಾಡಿ ಸುಮ್ಮನಾದ್ರು.
ತಮ್ಮ ಮಗ ಹಳದಿ ಬಸ್ಸಿಗೆ ಹೋಗೂದು
ಅವರೇ ಹೇಳಿದ್ರು. ನಾ ಕೇಳಿರಲಿಲ್ಲ.

ರಾತ್ರಿ ಇವರು ಮತ್ತ: ಯಾವ ಸಾಲಿ?
ನಾ ಅಟ್ಟದ ಮ್ಯಾಲಿದ್ನಿ, ಹಳೇ ಗಿರಣಿಯ ಬಾಗಲ ಹುಡುಕ್ಕೋತ.
ಬಿಜಾಗರಿ ಎರಡೂ ಗಟ್ಟಿ ಅದಾವ,
ಎಣ್ಣಿ ಬಿಟ್ಟರ ತಿರಗತಾವ.
ಚಿಲಕ ಮಾತ್ರ ಹೊಸಾದು ತರಬೇಕು,
ಒಳಗಿನಿಂದ ಬಡೀಬೇಕು,
ಆರು ವರ್ಷದಾಕಿಯ ಕೈಗೆ ನಿಲುಕೂವಷ್ಟು ಕೆಳಗ.

"ಏನು ಮಾಡಾಕತ್ತೀ ಅಲ್ಲಿ?"
"ಬ್ಯಾಟ್ರಿ ಸ್ವಲ್ಪ ಈ ಕಡೆ ಹಿಡೀರಿ," ಅಂದ್ನಿ.