ಮುಳ್ಳು ನಿಲ್ಲುವ ತನಕ

ಕುತೈಸಿಯ ಹಳೆಯ ಚಿತ್ರಮಂದಿರದಲ್ಲಿ
ಬಾಲ್ಕನಿಯ ಮೂಲೆಗೊಂದು ಗಾಜಿನ ಗೂಡು. ಅಲ್ಲಿ ನಾನು.
ಐದು ದಿನ, ಸ್ಪರ್ಧೆಗೆ ಹನ್ನೆರಡು ಸಾಕ್ಷ್ಯಚಿತ್ರ,
ಒಂದು ಮೈಕು, ಒಂದು ಫ್ಲಾಸ್ಕು ಪುದೀನ ಚಹಾ.

ಪರದೆಯ ಮೇಲೆ ಯಾರು ಯಾವ ನುಡಿಯಲ್ಲಿ ಬಾಯಿ ತೆರೆದರೂ
ನಮ್ಮೂರವರ ಕಿವಿಗೆ ಬೀಳುವುದು ನನ್ನ ದನಿ.
ಸೋಮವಾರ ಬೆಳಿಗ್ಗೆ ನಾನು ಪೆರುವಿನ ಸೂಲಗಿತ್ತಿ,
ಸಂಜೆ, ಕೆಲಸ ಬಿಟ್ಟ ಜೈಲು ಕಾವಲುಗಾರ.
ಮಂಗಳವಾರ, ಮುಚ್ಚಿದ ಹಡಗು ಕಾರ್ಖಾನೆಯ ಹದಿನಾಲ್ಕು ಗಂಡಸರು.
ಒಬ್ಬರ ಮಾತಿಗೆ ಒಬ್ಬರು ಬಾಯಿ ಹಾಕುತ್ತಿದ್ದರು;
ನಾನೇ ನನ್ನ ಮೇಲೆ ರೇಗಿದೆ, ನಾನೇ ಸಮಾಧಾನ ಹೇಳಿದೆ.
"ಲಮಾರಾ, ನೀರು ಕುಡಿ" ಎನ್ನುತ್ತಾನೆ ಗೊಚಾ,
ಪ್ರೊಜೆಕ್ಟರಿನ ಪಕ್ಕ ಸೂರ್ಯಕಾಂತಿ ಬೀಜ ಸುಲಿಯುತ್ತ.

ನಡುಸಾಲಿನಲ್ಲಿ ಮೂವರು ತೀರ್ಪುಗಾರರು.
ಅವರ ಪೆನ್ನುಗಳಿಗೆ ಪುಟ್ಟ ದೀಪ.
ಕತ್ತಲಲ್ಲಿ ಮಿಣುಕು ಹತ್ತಿತೆಂದರೆ
ಯಾರದೋ ಬದುಕಿಗೆ ಅಂಕ ಬಿತ್ತೆಂದು ಲೆಕ್ಕ.

ಗುರುವಾರ ದಂಬಾನ ಸಿನಿಮಾ.
ಉಲಾನ್‌ಬಾತರಿನ ಬಸ್ ನಿಲ್ದಾಣದ ಬಳಿ
ತೂಕದ ಯಂತ್ರ ಮುಂದಿಟ್ಟು ಕೂರುವ ಮುದುಕ.
ಇನ್ನೂರು ತುಗ್ರಿಕ್ ಕೊಟ್ಟರೆ ನಿಮ್ಮ ತೂಕ ಹೇಳುತ್ತಾನೆ,
ಚಳಿಗಾಲದಲ್ಲಿ ಕೋಟಿನದನ್ನು ಅಂದಾಜಿನಲ್ಲಿ ಕಳೆದು.
ಇಷ್ಟೇ ಕಥೆ.
ಆ ದಂಬಾ ಮೂರನೇ ಸಾಲಿನಲ್ಲೇ ಇದ್ದ,
ಮೊಣಕಾಲ ಮೇಲೆ ಟೋಪಿ, ಕಾಲ ಬಳಿ ಬಟ್ಟೆ ಸುತ್ತಿದ ಯಂತ್ರ.
ವಿಮಾನದಲ್ಲೂ ಕೈಬಿಡದೆ ತಂದನಂತೆ.

ಅರವತ್ತೊಂದನೇ ನಿಮಿಷ. ನಿರ್ದೇಶಕ ಕೇಳುತ್ತಾನೆ:
"ನಿಮ್ಮ ಮಗಳು?"
ನನ್ನ ಹಾಳೆಯಲ್ಲಿ ಆಮೇಲೆ ಬಿಳಿ ಜಾಗ,
ಅಂಚಿಗೆ ಒಂದು ಟಿಪ್ಪಣಿ: ಮೌನ, ನಲವತ್ತು ಸೆಕೆಂಡು.
ಪರದೆ ತುಂಬ ಅವನ ಮುಖ, ರೆಪ್ಪೆ ಮೇಲೆ ಹಿಮದ ಹುಡಿ.
ಮೈಕಿನಿಂದ ಬಾಯಿ ಸರಿಸಿ ಉಸಿರು ಬಿಗಿಹಿಡಿದೆ,
ನನ್ನದು ಅವನದೆಂದು ಕೇಳಿಸೀತೆಂದು.
ಯಾರೋ ಮೂಗು ಒರೆಸಿಕೊಂಡರು.
ಮೂರು ಪೆನ್ನೂ ಒಟ್ಟಿಗೆ ಹತ್ತಿಕೊಂಡವು.

ದೃಶ್ಯ ಬದಲಾಗಿ ಖಾಲಿ ಬೀದಿ ಬಂತು. ಆಗ ಮೂರನೇ ಸಾಲಿನಿಂದ,
ದೊಡ್ಡದಾಗಿಯೇ, ಮಂಗೋಲ ನುಡಿಯಲ್ಲಿ ಒಂದು ಮಾತು.
ಹಾಳೆಯಲ್ಲಿಲ್ಲದ್ದು. ನನಗೆ ಬಾರದ್ದು.
ಇನ್ನೂರು ಜೊತೆ ಕಿವಿ ಕಾದವು.
ದನಿಯಿತ್ತು ನನ್ನ ಬಳಿ, ಮಾತಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ, ಸಿಗರೇಟಿನ ಹೊಗೆಯಲ್ಲಿ
ಎಲ್ಲರೂ ಆ ಮೌನವನ್ನೇ ಹೊಗಳುತ್ತಿದ್ದರು.
"ಬಾವಿಯಂಥ ಮೌನ" ಎಂದಳು ಪತ್ರಿಕೆಯವಳು.
ನಾನು ದುಭಾಷಿ ಹುಡುಗಿ ಸೋಲೊಂಗೊಳನ್ನು ಹಿಡಿದೆ: ಏನಂದ ಅವನು?
ಅವಳು ಕೇಳಿಕೊಂಡು ಬಂದಳು, ನಗು ತಡೆಯುತ್ತ.

"ಯಂತ್ರದ ಮೇಲೆ ಗಿರಾಕಿ ನಿಂತಿದ್ದ.
ಕ್ಯಾಮೆರಾ ನನ್ನ ಮುಖ ನೋಡುತ್ತಿತ್ತು, ನಾನು ಮುಳ್ಳು ನೋಡುತ್ತಿದ್ದೆ.
ದಪ್ಪ ಆಳು, ಚಳಿಗೆ ನಡುಗುತ್ತಿದ್ದ, ಮುಳ್ಳು ನಿಲ್ಲಲೊಲ್ಲದು.
ಮುಳ್ಳು ನಿಲ್ಲುವ ತನಕ ಮಾತಾಡಬಾರದು, ಅದು ಕಸುಬು.
ನಿಂತ ಮೇಲೆ ಹೇಳಿದೆನಲ್ಲ, ತೊಂಬತ್ತೇಳು ಕಿಲೋ ಅಂತ.
ಅದನ್ನು ಯಾಕೆ ಕತ್ತರಿಸಿದಿರಿ ಅಂದೆ, ಅಷ್ಟೆ."

"ಮತ್ತೆ, ಮಗಳು?" ಎಂದೆ.
ಸೋಲೊಂಗೊ ಇನ್ನೊಮ್ಮೆ ಹೋದಳು. ಈ ಸಲ ಬೇಗ ಬರಲಿಲ್ಲ.
"ಅದು ಹಾಳೆಗೆ ಬೇಡವಂತೆ" ಎಂದಳು.

ಶನಿವಾರ ಬಹುಮಾನ ಹಡಗು ಕಾರ್ಖಾನೆಗೆ ಹೋಯಿತು.
ವೈನು, ಹಾಡು, ಬೆಣ್ಣೆ ಬಸಿಯುವ ಖಚಾಪುರಿ.
ಗೆದ್ದವಳು, ವಿಗೋದ ಹುಡುಗಿ ಉಶೀಯಾ,
ಕಂಚಿನ ಮೀನನ್ನು ತಂದು "ಇದೆಷ್ಟು ತೂಗುತ್ತೆ?" ಎಂದಳು.
ಯಂತ್ರದ ಮೇಲಿಟ್ಟರೆ ಮುಳ್ಳು ಮಿಸುಕಲಿಲ್ಲ.
ಮನುಷ್ಯರಿಗಾಗಿ ಮಾಡಿದ್ದು ಅದು, ಸಣ್ಣದು ಅದಕ್ಕೆ ಕಾಣದು.
ದಂಬಾ ಅವಳನ್ನೇ ಹತ್ತಿಸಿದ, ಮೀನಿನ ಸಮೇತ; ಮತ್ತೆ ಮೀನಿಲ್ಲದೆ.
ಕಳೆದು ಹೇಳಿದ: ಎರಡು ಕಿಲೋ.
ಎರಡು ಸಲ ಹತ್ತಿದ್ದಕ್ಕೆ ನಾನೂರು ಎಂದು ಕೈ ಚಾಚಿದ.

ಆಮೇಲೆ ನನ್ನತ್ತ ತಿರುಗಿ ಯಂತ್ರ ತೋರಿಸಿದ.
ಈ ವಾರವೆಲ್ಲ ಎಷ್ಟೊಂದು ಜನರಾಗಿದ್ದೆ, ಹತ್ತಲು ಅಳುಕಿತು.
ಬೂಟು ಬಿಚ್ಚಿದೆ. ಹತ್ತಿದೆ.
ಅವನು ಬಗ್ಗಿದ, ಟೋಪಿ ಕಂಕುಳಲ್ಲಿ.
ಸೋಲೊಂಗೊ ಪಕ್ಕದಲ್ಲೇ ಇದ್ದಳು, ಕೇಳಬಹುದಿತ್ತು.
ಮುಳ್ಳು ತೂಗಾಡುತ್ತಲೇ ಇತ್ತು.
ಇಬ್ಬರೂ ಬಾಯಿ ಮುಚ್ಚಿಕೊಂಡು ಅದನ್ನೇ ನೋಡಿದೆವು.