ಷರಾ

ನಿವೃತ್ತನಾಗಿ ಹನ್ನೊಂದು ವರ್ಷದ ಮೇಲೆ ಕರೆ ಬಂತು
ಪಾಂಡೇಶ್ವರದ ಶಸ್ತ್ರಾಗಾರದಿಂದ:
ಆಚಾರ್ರೇ, ಆರು ತ್ರೀ-ನಾಟ್-ತ್ರೀ ಉಂಟು,
ಗುರಿ ಕಳಚಬೇಕು.
ಹೊಸ ಹುಡುಗರ ಕೈಗೆ ಉಳಿ ಕೂರುವುದಿಲ್ಲ.

ಕಾರಣ ಕೇಳಿದೆ. ಕೈಗವಸು, ಅಂದರು.
ದೊಡ್ಡವರು ಹೋದಾಗ ಆಕಾಶಕ್ಕೆ ಮೂರು ಸುತ್ತು ಹಾರಿಸುವ ತಂಡ;
ಬಿಳಿ ಕೈಗವಸು ಮಕ್ಕಿಗೆ ಸಿಕ್ಕಿ ಹರಿಯುತ್ತದೆ,
ಟೀವಿಯವರು ಅದನ್ನೇ ಹಿಡಿಯುತ್ತಾರೆ.

ಮಕ್ಕಿ ಅಂದರೆ ನಳಿಗೆಯ ತುದಿಯಲ್ಲಿ ನಿಂತ ಚೂರು ಕಬ್ಬಿಣ.
ಹವಾಲ್ದಾರರ ಹಿಂದಿಯಲ್ಲಿ, ನೊಣ.
ಐತಪ್ಪನ ಊರಲ್ಲಿ ಮಕ್ಕಿ ಅಂದರೆ ಗದ್ದೆ,
ಮಳೆಯೊಂದನ್ನೇ ನಂಬಿದ ಮೇಲಿನ ಗದ್ದೆ.
ನನಗಿರುವುದು ಒಂದೇ ಮಕ್ಕಿ ಮಾರಾಯ, ಅನ್ನುತ್ತಿದ್ದ,
ಅದೂ ಸರಕಾರದ್ದು.

ರಾತ್ರಿಯೇ ಸೀಮೆಎಣ್ಣೆ ಬಿಟ್ಟಿಟ್ಟಿದ್ದೆ.
ಉಪ್ಪುಗಾಳಿಯ ಊರು, ಇಲ್ಲಿ ಕಬ್ಬಿಣ
ಕಬ್ಬಿಣವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.
ಮೊದಲು ಮೂತಿಯ ಟೊಪ್ಪಿ. ಆಮೇಲೆ ಹಿಂದಿನ ಗುರಿಯ ಪಟ್ಟಿ,
ಇನ್ನೂರರಿಂದ ಎರಡು ಸಾವಿರ ಗಜದವರೆಗೆ ಅಂಕಿ ಕೊರೆದದ್ದು.
ಎರಡು ಸಾವಿರ ಗಜ ಅಂದರೆ ಇಲ್ಲಿಂದ ಬಂದರು, ನದಿ,
ಆಚೆ ಬೆಂಗ್ರೆಯ ತೆಂಗು.
ಅಲ್ಲಿ ನಿಂತ ಮನುಷ್ಯ ಕಣ್ಣಿಗೆ ಎಳ್ಳಿನಷ್ಟೂ ಇಲ್ಲ.
ಯಾರಿಗೆ ಯಾರ ಮೇಲೆ ಅಷ್ಟು ದೂರದ ಸಿಟ್ಟು?

ಐದು ಮುಗಿಯಿತು, ಆರನೆಯದನ್ನು ಎತ್ತಿಕೊಂಡೆ.
ನಂಬರು ಓದಬೇಕಾಗಲಿಲ್ಲ;
ಮರದ ಮೇಲೆ ಬೀಡಿ ಸುಟ್ಟ ಕಲೆ.

ಗುಂಡು ಎಡಕ್ಕೆ ಹೋದರೆ ಮಕ್ಕಿಯನ್ನೂ ಎಡಕ್ಕೇ ಬಡಿಯಬೇಕು,
ಬಲಕ್ಕಲ್ಲ. ಹೊಸಬರ ತಲೆಗೆ ಇದು ಹೋಗುವುದಿಲ್ಲ.
ತಪ್ಪಿದ ಕಡೆಗೇ ಸರಿಯಬೇಕು, ಆಗ ಸರಿಯಾಗುತ್ತದೆ.
ಐತಪ್ಪನ ಕಣ್ಣಿಗೆಂದು ಒಂದು ಕೂದಲಷ್ಟು ಬಡಿದು
ಜಾಗ ಮರೆಯದಿರಲಿ ಅಂತ ಒಂದು ಗೀರು ಎಳೆದಿದ್ದೆ:
ಅರ್ಧ ಮಕ್ಕಿಯ ಮೇಲೆ, ಅರ್ಧ ಅದರ ಪೀಠದ ಮೇಲೆ.

ಆ ವರ್ಷ ದಕ್ಕೆಯಲ್ಲಿ ಗಲಾಟೆ.
ಮೊಣಕಾಲಿಗೆ ಹೊಡಿ, ಅಂತ ಆದೇಶ.
ಮೂವತ್ತು ಹೆಜ್ಜೆಯಾಚೆ ಕಲ್ಲು ಹಿಡಿದು ನಿಂತ ಹುಡುಗ.
ಐತಪ್ಪನ ಗುಂಡು ಹಂಚಿನ ಮಾಡಿಗೆ ಹೋಯಿತು.
ಮೊಣಕಾಲಿಗೂ ಮಾಡಿಗೂ ಅಂತರವೆಷ್ಟು ಅಂತ ವಿಚಾರಣೆ.
ಒಂದು ರಾತ್ರಿ ಬಂದ. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತ.
ಮಕ್ಕಿ ಸಡಿಲ ಇತ್ತು ಅಂತ ಬರೆಯುತ್ತೀಯಾ?
ಬರೆದೆ. ಷರಾ ಕಾಲಮಿನಲ್ಲಿ, ಸಹಿ ಸಮೇತ.
ಸಡಿಲ ಇತ್ತಾ ಅಂತ ನೋಡಲಿಲ್ಲ.
ನೋಡಿದ್ದರೆ ಬರೆಯಲಿಕ್ಕೆ ಆಗುತ್ತಿತ್ತೋ ಇಲ್ಲವೋ.

ಇವತ್ತು ಕನ್ನಡಕ ಒರೆಸಿ, ಟಾರ್ಚು ಬಿಟ್ಟು ನೋಡಿದೆ.
ಗೀರು ನೇರ.
ಅರ್ಧಕ್ಕೆ ಅರ್ಧ ಕೂಡಿಕೊಂಡೇ ಇದೆ.

ಐತಪ್ಪ ಸತ್ತು ಒಂಬತ್ತು ವರ್ಷ.
ಅವನಿಗೆ ಯಾರೂ ಆಕಾಶಕ್ಕೆ ಹಾರಿಸಲಿಲ್ಲ.
ಬೊಜ್ಜದ ಊಟದಲ್ಲಿ ಪಾಯಸಕ್ಕೆ ಬೆಲ್ಲ ಸಾಲದೆ ಹೋಗಿತ್ತು,
ಏನೋ, ಅದೇ ನೆನಪು.

ಹಿತ್ತಾಳೆಯ ಕಡ್ಡಿ ಇಟ್ಟು ಸುತ್ತಿಗೆ ಎತ್ತಿದೆ.
ಮೂರು ಏಟಿಗೆ ಅಲುಗಲಿಲ್ಲ. ನಾಲ್ಕನೆಯದಕ್ಕೆ
ಅಂಗೈಗೆ ಬಿತ್ತು, ಒಳ್ಳೆಮೆಣಸಿನ ಕಾಳಿನಷ್ಟು ಭಾರ.
ಅದು ಕೂತಿದ್ದ ಕಡೆ ಕಬ್ಬಿಣ ಇನ್ನೂ ಹೊಸದು,
ಬೆಳ್ಳಗೆ, ಗಾಳಿ ಕಾಣದ್ದು.

ತಂಡದ ಹುಡುಗಿ, ಬಾಗಲಕೋಟೆಯ ಕಸ್ತೂರೆವ್ವ,
ಬೋಳು ನಳಿಗೆಯನ್ನು ಹೆಗಲಿಗಿಟ್ಟು ಕೇಳಿದಳು:
ಹಂಗಾರ ಗುರಿ ಹೆಂಗ ಹಿಡಿಯೂದ್ರಿ ಅಜ್ಜಾ?
ಹಿಡಿಯುವುದೇ ಬೇಡ ಮಾರಾಯ್ತಿ, ಅಂದೆ,
ಆಕಾಶ ತಪ್ಪುವುದಿಲ್ಲ.

ರಿಜಿಸ್ಟರು ಮುಂದಿಟ್ಟರು.
ಕಳಚಿದ ಭಾಗ: ಎರಡು.
ಕಳಚುವಾಗಿನ ಸ್ಥಿತಿ, ಷರಾ:
ಹೊರಗೆ ಮೀನಿನ ಲಾರಿ ನೀರು ಸೋರಿಸುತ್ತ ಹೋಯಿತು.
ಅದರ ವಾಸನೆ ಇಳಿಯುವ ತನಕ ಪೆನ್ನು ಹಿಡಿದು ಕೂತಿದ್ದು
ಮತ್ತೆ ಬರೆದೆ: ಸಡಿಲ ಇತ್ತು.