ಅಚ್ಚಿನ ಅಚ್ಚು

ಮಂಡ್ಯದ ಬೆಲ್ಲದ ಸಂಘದಲ್ಲಿ
ನನಗೆ ಕೊಟ್ಟ ಕೆಲಸ ಇಷ್ಟೇ:
ಗೇಟು, ಕಾಟಾ, ಗೋದಾಮು, ಹರಾಜುಕಟ್ಟೆ, ಲೆಕ್ಕದ ಕೋಣೆ,
ಐದಕ್ಕೂ ಸೇರಿ ಒಂದೇ ನಕ್ಷೆ.
"ಎರಡು ವಾರ ಸಾಕಲ್ಲವಾ?" ಅಂದರು ಕಾರ್ಯದರ್ಶಿ.
ಸಾಕು ಅಂದೆ.
ಆಗ ನನಗೆ ಗಾಡಿ ಅಂದರೆ ಏನೆಂದು ಗೊತ್ತಿತ್ತು.

ಗೇಟಿನಲ್ಲಿ ಗಾಡಿ ಒಂದು ನಂಬರು.
ಕಾಟಾದಲ್ಲಿ ಅದು ಕಳೆಯಬೇಕಾದ ಖಾಲಿ ತೂಕ.
ಹಮಾಲರಿಗೆ ಅರವತ್ತು ಮೂಟೆ, ಒಂದು ದಿನದ ಬೆನ್ನು.
ಲೆಕ್ಕದ ಕೋಣೆಯ ಪದ್ಮನಾಭಯ್ಯನವರಿಗೆ
ಗಾಡಿ ಎಂದರೆ ಗುಲಾಬಿ ಬಣ್ಣದ ರಸೀದಿ;
ಚಕ್ರ ಇರುವಂಥದ್ದನ್ನು ಅವರು
ಹನ್ನೊಂದು ವರ್ಷದಿಂದ ಹೊರಗೆ ಬಂದು ನೋಡಿಲ್ಲ.
ಹೊಡೆದುಕೊಂಡು ಬಂದ ಬೋರಲಿಂಗನನ್ನೇ ಕೇಳಿದೆ.
"ಗಾಡಿ ಅಂದ್ರೆ? ಎತ್ತು ಬುಟ್ಟು ಮಿಕ್ಕಿದ್ದು ಕನವ್ವ."

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಲವತ್ತೇಳು ಚೌಕ ಬರೆದೆ,
ಬಾಣಗಳು ಅದಕ್ಕಿಂತ ಹೆಚ್ಚು.
ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿದರು,
ಒಂದು ಬಾಣದ ಮೇಲೆ ಬೆರಳಿಟ್ಟರು:
"ಇದು ಏನು ಹೇಳುತ್ತೆ?"
ಅದು 'ಹೋಗುತ್ತದೆ' ಅಂದೆ. ಪಕ್ಕದ್ದು 'ಕೊಡುತ್ತದೆ'.
ಕೆಳಗಿನದು 'ಇವರ ಕೈಕೆಳಗಿದೆ'.
ಮೂಲೆಯ ಆ ಉದ್ದನೆಯದು
ಖಾಲಿ ಕಂಡಿತೆಂದು ಎಳೆದದ್ದು.

ಊಟದ ಹೊತ್ತು ಗೋದಾಮಿನ ಹಿಂದೆ ಹೋದೆ.
ಹೊಂಗೆಯ ನೆರಳಲ್ಲಿ ಕಾಳಾಚಾರಿ
ಆಲೆಮನೆಗೆ ಅಚ್ಚಿನ ಮಣೆ ಕೊರೆಯುತ್ತಿದ್ದ.
ಅವನ ಕಾಲಬುಡದಲ್ಲಿ ಒಂದು ತಗಡಿನ ತುಂಡು,
ಪ್ರತಿ ಗುಳಿಗೂ ಅದನ್ನಿಟ್ಟು ಗೆರೆ ಎಳೆಯುತ್ತಾನೆ.
ಬೆಲ್ಲಕ್ಕೆ ಅಚ್ಚು. ಅಚ್ಚಿಗೆ ಈ ತಗಡು.
ಇದಕ್ಕೆ ಪಾಕ ಯಾವತ್ತೂ ತಾಗಿಲ್ಲ, ಇರುವೆಯೂ ಮೂಸುವುದಿಲ್ಲ.
"ಒಂದು ಬೆಲ್ಲ ಸೊಟ್ಟಗಾದ್ರೆ ಹುಯ್ದೋನ್ನ ಬಯ್ಯಿ,
ಎಲ್ಲಾ ಬೆಲ್ಲಾನೂ ಒಂದೇ ಥರ ಸೊಟ್ಟಗಿದ್ರೆ
ನನ್ನತ್ರ ಬಾ" ಅಂದ.

ನಕ್ಷೆ ಅಳಿಸಿದೆ.
ಏನೇನು ಇದೆ ಅನ್ನುವುದನ್ನು ಆಮೇಲೆ ನೋಡೋಣ,
ಎಂಥೆಂಥದು ಇರಬಹುದು ಅದು ಮೊದಲು:
ಆಳು, ಕೆಲಸ, ಕಾಗದ, ಸರಕು, ಜಾಗ.
ಆಳು ಕೆಲಸವನ್ನು ಮಾಡಬಹುದು.
ಕೆಲಸ ಕಾಗದವನ್ನು ಹುಟ್ಟಿಸಬಹುದು.
ಕಾಗದ ಸರಕನ್ನು ಹೆಸರಿಸಬಹುದು, ಹೊರಲಾರದು.
ಜಾಗ ಯಾರಿಗೂ ಏನನ್ನೂ ಮಾಡದು,
ಸುಮ್ಮನೆ ಒಳಗಿಟ್ಟುಕೊಳ್ಳುತ್ತದೆ.
ಗಾಡಿ ಆಗ ತಾನಾಗಿ ಬಿಡಿಸಿಕೊಂಡಿತು,
ರಸೀದಿ ಕಾಗದದ ಪಕ್ಕ, ಮೂಟೆ ಸರಕಿನ ಪಕ್ಕ,
ಬೋರಲಿಂಗ ಆಳಿನ ಪಕ್ಕ ಬೀಡಿ ಹಚ್ಚಿ ಕೂತ.
ಎತ್ತುಗಳಿಗೆ ಮಾತ್ರ ಸ್ವಲ್ಪ ಒದ್ದಾಡಿದೆ.

ಎಲ್ಲ ಕೂತವು, ಒಂದು ಬಿಟ್ಟು.
ಗೋದಾಮಿನಿಂದ ಹರಾಜುಕಟ್ಟೆಗೆ ಬರುವಷ್ಟರಲ್ಲಿ
ದಿನಕ್ಕೆ ಏಳೆಂಟು ಕಿಲೋ ಕಡಿಮೆ.
ಪದ್ಮನಾಭಯ್ಯ ಆ ಸಾಲಿನಲ್ಲಿ 'ತೇವ ಆರಿದ್ದು' ಅಂತ ಬರೆಯುತ್ತಾರೆ,
ಮಳೆಗಾಲದಲ್ಲೂ.
ಮೂಟೆಯ ಬಾಯಿಂದ ಉದುರಿದ ಕುರಿಕಾಟು ಚೂರುಗಳನ್ನು
ಹೊಂಬಾಳಮ್ಮ ಮೊರದಲ್ಲಿ ಕೇರಿ ಡಬ್ಬಕ್ಕೆ ತುಂಬುತ್ತಾಳೆ.
ಸಂಜೆ ಹಮಾಲರ ಟೀಗೆ ಅದೇ.
ಬಾಣಂತಿ ಇರುವ ಮನೆಗೆ ಒಂದು ಹಿಡಿ,
ಬೋರಲಿಂಗನ ಎತ್ತಿನ ನಾಲಿಗೆಗೆ ಒಂದು ಚೂರು.
ಬೆಲೆ ಇಲ್ಲ, ಸರಕಲ್ಲ.
ಯಾರೂ ಬಿಸಾಡುವುದಿಲ್ಲ, ಕಸವಲ್ಲ.

ಇದು ಇನ್ನೊಂದು ಚೌಕ ಬೇಡುವ ಮಾತಲ್ಲ,
ಇನ್ನೊಂದು ಬಗೆಯನ್ನೇ ಬೇಡುತ್ತದೆ. ತಗಡೇ ಸೊಟ್ಟ.
ಖುಷಿಯಲ್ಲಿ ಪೆನ್ಸಿಲ್ಲು ಚೂಪು ಮಾಡಿ ಬರೆದೆ:
ಆರನೆಯದು, ಉದುರು.

ಪೊರಕೆ ಹಿಡಿದು ಬಂದವಳು ಬಗ್ಗಿ ನೋಡಿದಳು.
"ಏನವ್ವ ಅದು?"
ನಿಮ್ಮ ಡಬ್ಬ, ಅಂದೆ. ಇನ್ನು ಲೆಕ್ಕಕ್ಕೆ ಸಿಗುತ್ತದೆ.
ಅವಳು ಲೆಕ್ಕದ ಕೋಣೆಯ ಬಾಗಿಲ ಕಡೆ ನೋಡಿ
ದನಿ ತಗ್ಗಿಸಿದಳು:
"ಲೆಕ್ಕುಕ್ ಸಿಕ್ಕಿದ್ದು ಉಳಿತದಾ? ಅಳ್ಸ್‌ಬುಡು."

ನಕ್ಷೆ ಈಗ ಕಾರ್ಯದರ್ಶಿಗಳ ಗೋಡೆಯ ಮೇಲಿದೆ.
ಐದು ಬಗೆ, ಅಚ್ಚುಕಟ್ಟು. ಬಂದವರು ಮೆಚ್ಚುತ್ತಾರೆ.
ಬಲಗಡೆ ಕೆಳಗೆ, ರಬ್ಬರು ತಿಕ್ಕಿ ತಿಕ್ಕಿ
ಕಾಗದ ತೆಳ್ಳಗಾದ ಒಂದು ಜಾಗ.
ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದಾಗ
ಅದೊಂದೇ ಸ್ವಲ್ಪ ಹೊಳೆಯುತ್ತದೆ.